ಬ್ಯಾಂಕ್ ಬಿಟ್ಟು ಮಲ್ಲಿಗೆ ಕಟ್ಟಲು ಕೂತೆ

ಕಟ್ಟಿದ ಮಲ್ಲಿಗೆಯ ಒಂದು ಚೆಂಡಿಗೆ 800 ಹೂವು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3200. ಮಲ್ಲಿಗೆಗೆ ಹೆಸರಾದ ಉಡುಪಿ ಜಿಲ್ಲೆಯ ಶಂಕರಪುರದ ಆಸುಪಾಸಿನಲ್ಲಿ ಹುಟ್ಟಿದವರಿಗೆ ಮಗ್ಗಿ ಬರುವ ಮೊದಲೇ ಈ ಲೆಕ್ಕ ಬರುತ್ತದೆ. ನನಗೂ ಬರುತ್ತಿತ್ತು. ಆದರೆ ನನ್ನ ಕೈಯಾರೆ ಒಂದು ಚೆಂಡು ಕಟ್ಟಿ ಮುಗಿಸುವಾಗ ನನಗೆ 57 ದಾಟಿತ್ತು.

31 ವರ್ಷ ಬ್ಯಾಂಕಿನಲ್ಲಿದ್ದೆ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳಿಗೇನು ಬರವಿಲ್ಲ, ಅಂಥದ್ದರಲ್ಲೇ ಒಂದು. 2020ರ ವಿಲೀನದಲ್ಲಿ ಬೋರ್ಡಿನ ಹೆಸರು ಬದಲಾಯಿತು. ಮರುವರ್ಷ ನಾನು ಸ್ವಯಂ ನಿವೃತ್ತಿ ತೆಗೆದುಕೊಂಡು ಊರಿಗೆ ಬಂದೆ. ಅಮ್ಮ ಹಿತ್ತಿಲಲ್ಲಿ ಮಲ್ಲಿಗೆ ಬೆಳೆಸುತ್ತಿದ್ದರು. ಊರೂರು ವರ್ಗವಾಗುತ್ತಾ ಸುತ್ತಿದ ನನಗೆ ಆ ಪರಿಮಳದ ಮೇಲೆ ಒಂದು ಆಸೆ ಹಾಗೇ ಉಳಿದಿತ್ತು. ಹಿತ್ತಿಲು ಈಗ ಪಾಲಾಗಿ ಹೋಗಿದೆ. ಇದ್ದದ್ದು ತಾರಸಿ ಮಾತ್ರ.

ಶುರು ಮಾಡಿದ ರೀತಿ ನೆನೆದರೆ ಈಗ ನಗು ಬರುತ್ತದೆ. ಒಂದೇ ಸಲ 40 ಗಿಡ, 40 ಚಟ್ಟಿ. ಕಂಪ್ಯೂಟರಿನಲ್ಲಿ ಒಂದು ಪಟ್ಟಿ: ಗಿಡದ ನಂಬರು, ನೆಟ್ಟ ದಿನ, ಹಾಕಿದ ಗೊಬ್ಬರ, ಬರಬೇಕಾದ ಹೂವು. ಹೆಂಡತಿ ಇಣುಕಿ ನೋಡಿ, "ಇಲ್ಲೂ ಟಾರ್ಗೆಟ್ಟಾ?" ಅಂದಳು.

ಆ ಜೂನ್‌ನ ಮಳೆಗೆ 13 ಗಿಡ ಹೋದವು. ಚಟ್ಟಿಯ ತಳದ ತೂತು ಮಣ್ಣಿನಿಂದ ಕಟ್ಟಿಕೊಂಡಿತ್ತು. ನೀರು ನಿಂತು ಬೇರು ಕೊಳೆಯಿತು. ಅದು ಸಾಲದು ಅಂತ ಬೇಗ ಬೆಳೆಯಲಿ ಎಂದು ನೆಲಗಡಲೆ ಹಿಂಡಿಯನ್ನು ಹಾಗೇ ಬುಡಕ್ಕೆ ಸುರಿದಿದ್ದೆ. ಹಿಂಡಿಯನ್ನು ನೀರಿನಲ್ಲಿ ನಾಲ್ಕೈದು ದಿನ ಕೊಳೆಯಿಸಿ, ತೆಳ್ಳಗೆ ಮಾಡಿ ಹಾಕಬೇಕು. ಅಮ್ಮ ಮಾಡುತ್ತಿದ್ದದ್ದೂ ಹಾಗೇ. ಆ ವಾಸನೆಗೆ ಮೂಗು ಮುಚ್ಚಿಕೊಂಡು ಓಡಿದ್ದು ನೆನಪಿತ್ತು, ಯಾಕೆ ಕೊಳೆಯಿಸುತ್ತಾರೆ ಅಂತ ಕೇಳಿದ್ದು ನೆನಪಿಲ್ಲ.

ಆಮೇಲೆ ತಳಕ್ಕೆ ಹೆಂಚಿನ ಚೂರು ಹಾಕಿ, ಕೆಂಪು ಮಣ್ಣಿಗೆ ಹಟ್ಟಿಗೊಬ್ಬರ, ಸುಡುಮಣ್ಣು ಬೆರೆಸಿ ತುಂಬಿದೆ. ಬೇವಿನ ಹಿಂಡಿ ಸ್ವಲ್ಪ. ಮಳೆ ಮುಗಿದ ಮೇಲೆ ಗೆಲ್ಲು ಸವರಿದೆ. ಮಲ್ಲಿಗೆ ಹೊಸ ಚಿಗುರಿನಲ್ಲೇ ಹೂ ಬಿಡುವುದು, ಹಾಗಾಗಿ ಸವರಲು ಮರುಕ ಪಟ್ಟರೆ ಹೂವಿಲ್ಲ. ಮೊದಲ ಸಲ ಕತ್ತರಿ ಹಿಡಿದು ಒಂದು ಗಿಡದ ಮುಂದೆ ಹತ್ತು ನಿಮಿಷ ಸುಮ್ನೆ ನಿಂತಿದ್ದೆ.

ಗಿಡ ಬೆಳೆಸುವುದನ್ನು ಹೇಗೋ ಕಲಿತೆ. ಕಟ್ಟುವುದು ಬೇರೆಯೇ ವಿದ್ಯೆ. ಪಕ್ಕದ ಮನೆಯ ಬಾಯಮ್ಮ 40 ವರ್ಷದಿಂದ ಕಟ್ಟುತ್ತಿರುವವರು. ಕೈ ನೋಡದೆ ಕಟ್ಟುತ್ತಾರೆ, ಜೊತೆಗೆ ಊರಿನ ಸುದ್ದಿಯನ್ನೂ ಹೇಳುತ್ತಾರೆ. ಒಣಗಿದ ಬಾಳೆನಾರನ್ನು ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಳ್ಳಬೇಕು. ಎರಡು ಮೊಗ್ಗು ಆಚೆ, ಎರಡು ಈಚೆ, ತೊಟ್ಟು ತೊಟ್ಟಿಗೆ ತಾಗಿಸಿ ಇಟ್ಟು, ನಾರು ಸುತ್ತಿ, ಕುಣಿಕೆ ಹಾಕಿ ಎಳೆಯಬೇಕು. ನಾನು ಎಳೆದರೆ ತೊಟ್ಟು ತುಂಡಾಗುತ್ತಿತ್ತು. ಮೆಲ್ಲಗೆ ಎಳೆದರೆ ಮೊಗ್ಗು ಜಾರುತ್ತಿತ್ತು.

"ಎಂಥ ಮ್ಯಾನೇಜರ್ರೇ, ಇದು ಫೈಲು ಕಟ್ಟುದಲ್ಲ ಮಾರಾಯ್ರೇ," ಅಂದರು ಬಾಯಮ್ಮ. ನಾನು ಕಟ್ಟಿದ್ದನ್ನೆಲ್ಲ ಬಿಚ್ಚಿ ಪುನಃ ಕಟ್ಟಿದರು.

ನಿಜ ಹೇಳುತ್ತೇನೆ, ಆ ದಿನ ಬೇಜಾರಾಯಿತು. 'ಸಾರ್, ಸಾರ್' ಎನ್ನಿಸಿಕೊಂಡು ಅಭ್ಯಾಸವಾದವನು ಅಂಗಳದಲ್ಲಿ ಕೂತು ಬೈಸಿಕೊಳ್ಳುವುದು ಅಷ್ಟು ಸುಲಭವಲ್ಲ. ನಿವೃತ್ತರಿಗೆ ಹಣದ ಬಗ್ಗೆ, ಬಿಪಿ ಬಗ್ಗೆ ಎಲ್ಲರೂ ಹೇಳುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ. ಎರಡು ದಿನ ಆ ಕಡೆ ಹೋಗಲಿಲ್ಲ. ಮೂರನೇ ದಿನ ಬಾಯಮ್ಮನೇ ಗೇಟಿನ ಹತ್ತಿರ ಬಂದು, "ಹೂ ಅರಳ್ತದೆ ಅಲ್ವಾ, ಕಟ್ಟುದು ಯಾವಾಗ?" ಎಂದು ಕೇಳಿದರು.

ಮಲ್ಲಿಗೆ ಕಾಯುವುದಿಲ್ಲ. ಮೊಗ್ಗು ಬೆಳ್ಳಗಾಗಿ, ಇನ್ನೂ ಅರಳದೆ ಇರುವಾಗಲೇ ಕೊಯ್ಯಬೇಕು. ಬ್ಯಾಂಕಿಗೆ ಹೋಗುವಾಗ ಆರೂವರೆಗೆ ಏಳುತ್ತಿದ್ದವನು ಈಗ ಐದಕ್ಕೇ ತಾರಸಿಯಲ್ಲಿರುತ್ತೇನೆ. ಬಿಡುವಿಗಾಗಿ ಕೆಲಸ ಬಿಟ್ಟವನು ನಾನು!

ದುಡ್ಡಿನ ಮಾತೂ ಹೇಳಿಬಿಡುತ್ತೇನೆ. ಪಿಂಚಣಿ ಬರುತ್ತದೆ, ಅದಕ್ಕೇ ಈ ಆಟ. ಇದನ್ನೇ ನಂಬಿ ಬದುಕುವವರ ಕಷ್ಟ ಬೇರೆ. ರೇಟು ದಿನಕ್ಕೊಂದು. ಬೇಸಿಗೆಯಲ್ಲಿ ಹೂವು ಜಾಸ್ತಿ, ಮದುವೆ ಇಲ್ಲದ ದಿನ ರೇಟು ಬಿದ್ದುಹೋಗುತ್ತದೆ. ನಾಗರಪಂಚಮಿಗೆ ರೇಟು ಏರುತ್ತದೆ, ಆದರೆ ಆಗ ಮಳೆಗಾಲ, ಗಿಡದಲ್ಲಿ ಹೂವು ತೀರಾ ಕಡಿಮೆ. ಕಂಪ್ಯೂಟರಿನ ಆ ಪಟ್ಟಿಯನ್ನು ಎರಡನೇ ವರ್ಷವೇ ಅಳಿಸಿದೆ.

ಕಳೆದ ಏಪ್ರಿಲ್‌ನಲ್ಲಿ ಒಂದು ದಿನ 27 ಗಿಡದಿಂದ ಒಂದು ಚೆಂಡಿಗಾಗುವಷ್ಟು ಹೂವು ಸಿಕ್ಕಿತು. ಬಾಯಮ್ಮನ ಸಹಾಯವಿಲ್ಲದೆ ನಾನೊಬ್ಬನೇ ಕೂತು ಕಟ್ಟಿದೆ, ಬಾಳೆ ಎಲೆಯಲ್ಲಿ ಸುತ್ತಿ ಸ್ಕೂಟರಿನಲ್ಲಿ ಬೆಳೆದವರಿಂದ ಹೂವು ಕೊಳ್ಳುವ ಮಲ್ಲಿಗೆ ಕಟ್ಟೆಗೆ ಒಯ್ದೆ. ಅಲ್ಲಿಯವರು ಒಮ್ಮೆ ಎತ್ತಿ ನೋಡಿ ಪುಸ್ತಕದಲ್ಲಿ ನನ್ನ ಹೆಸರು ಬರೆದು ಪಕ್ಕದಲ್ಲಿ '1' ಹಾಕಿದರು. ಅಷ್ಟೇ.

ಮನೆಗೆ ಬಂದು ಬುಟ್ಟಿ ಕೊಡವಿದರೆ ತಳದಲ್ಲಿ ಕಟ್ಟದೇ ಉಳಿದ ಮೊಗ್ಗುಗಳು. ಎಣಿಸಿದೆ, 20. ನಾನು ಕೊಟ್ಟ ಚೆಂಡಿನಲ್ಲಿ ಇದ್ದದ್ದು 780. ಬ್ಯಾಂಕಿನಲ್ಲಿ ಕ್ಯಾಷ್ ಕಡಿಮೆ ಬಂದರೆ ಸಂಜೆ ಕೈಯಿಂದ ತುಂಬಬೇಕಿತ್ತು. ಮಾರನೇ ದಿನದ ಚೆಂಡಿಗೆ 20 ಜಾಸ್ತಿ ಸೇರಿಸಿ ಕಟ್ಟಿದೆ. ಬಾಯಮ್ಮನಿಗೆ ಇನ್ನೂ ಹೇಳಿಲ್ಲ.