ತಾರೀಖಿನ ಕೀರ್ತನೆ

ಅಪ್ಪ ಹಾಸಿಗೆ ಹಿಡಿದ ಎರಡನೇ ತಿಂಗಳಲ್ಲಿ ನನ್ನ ಪ್ರಾರ್ಥನೆ ನಿಂತುಹೋಯಿತು. ಬೇಡ ಅಂತ ಬಿಟ್ಟದ್ದಲ್ಲ. ಮೊಣಕಾಲೂರಿದರೆ ಮಾತೇ ಬರುತ್ತಿರಲಿಲ್ಲ. "ಕರ್ತನೇ, ಅಪ್ಪನನ್ನು ಗುಣಪಡಿಸು." ಇದ್ದದ್ದು ಅದೊಂದೇ ಮಾತು. ಅರ್ಧ ನಿಮಿಷಕ್ಕೆ ಅದು ಮುಗಿಯುತ್ತಿತ್ತು. ಆಮೇಲೆ ಕಣ್ಣು ಮುಚ್ಚಿಕೊಂಡೇ ಮಾತ್ರೆ ಕೊಡುವ ಹೊತ್ತು, ನಾಳೆಯ ರಕ್ತಪರೀಕ್ಷೆ, ಇನ್ನೆಷ್ಟು ರಜೆ ಉಳಿದಿದೆ, ಇವೇ ತಲೆಯಲ್ಲಿ ಸುತ್ತುತ್ತಿದ್ದವು.

ನಾನು ಪ್ರಾರ್ಥನೆ ಮಾಡಿಕೊಂಡೇ ಬೆಳೆದವನು. ಚರ್ಚಿನ ಸಭೆಯಲ್ಲಿ "ನೀವು ಪ್ರಾರ್ಥನೆ ನಡೆಸಿಕೊಡಿ" ಅಂದರೆ ಐದು ನಿಮಿಷ ತಡವರಿಸದೆ ನಡೆಸುತ್ತಿದ್ದೆ. ಆ ಮಾತೆಲ್ಲ ಎಲ್ಲಿ ಹೋಯಿತು ಅಂತ ಗಾಬರಿಯಾಯಿತು. ನಂಬಿಕೆಯೇ ಹೋಯಿತೇನೋ ಅಂದುಕೊಂಡೆ.

ಆಗ ನಾನು ಹಿಡಿದುಕೊಂಡದ್ದು ಬೈಬಲ್ಲಿನ ಕೀರ್ತನೆಗಳ ಪುಸ್ತಕ. ಇವತ್ತಿಗೂ ಬಿಟ್ಟಿಲ್ಲ. ಹೇಗೆ ಓದಿದೆ, ಎಲ್ಲಿ ಎಡವಿದೆ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಅದೇ ಸ್ಥಿತಿಯಲ್ಲಿರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲು ಎಡವಿದ್ದನ್ನೇ ಹೇಳುತ್ತೇನೆ. ಕೀರ್ತನೆಗಳು ಒಟ್ಟು 150. ಸಂತ ಬೆನೆಡಿಕ್ಟರು ಸನ್ಯಾಸಿಗಳಿಗೆ ಬರೆದ ನಿಯಮದ ಪ್ರಕಾರ ಕ್ರೈಸ್ತ ಮಠಗಳಲ್ಲಿ ಅಷ್ಟನ್ನೂ ಒಂದೇ ವಾರದಲ್ಲಿ ಹೇಳಿ ಮುಗಿಸುತ್ತಿದ್ದರು. 1549ರ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿನ, ಪ್ರಾರ್ಥನಾ ಪುಸ್ತಕ ಅದನ್ನು ಒಂದು ತಿಂಗಳಿಗೆ ಹಂಚಿತು. ಬೆಳಗ್ಗೆ ಒಂದು ಪಾಲು, ಸಂಜೆ ಒಂದು ಪಾಲು. ನಾನು ಅದನ್ನೇ ಶುರು ಮಾಡಿದೆ. 15ನೇ ದಿನದ ಸಂಜೆಗೆ 78ನೇ ಕೀರ್ತನೆ ಬಂತು. 72 ವಚನ! ಅವತ್ತು ಅಪ್ಪನಿಗೆ ಜ್ವರ ಏರಿತ್ತು. ಓದಲಿಲ್ಲ. ಮಾರನೇ ದಿನ ಹಿಂದಿನ ಬಾಕಿಯೂ ಸೇರಿತು. ಮೂರನೇ ದಿನಕ್ಕೆ ಪುಸ್ತಕ ತೆರೆಯುವುದಕ್ಕೇ ಭಯವಾಯಿತು. ಅಲ್ಲಿಗೆ ನಿಂತಿತು.

ಸಭೆಯ ಹಿರಿಯರೊಬ್ಬರಿಗೆ ಇದನ್ನು ಹೇಳಿಕೊಂಡಾಗ ಅವರು ಒಂದು ಸುಲಭದ ಲೆಕ್ಕ ಹೇಳಿಕೊಟ್ಟರು. ಅಂದಿನ ತಾರೀಖಿನ ಕೀರ್ತನೆ ತೆಗೆಯಬೇಕು. ಅದಕ್ಕೆ 30 ಕೂಡಿಸುತ್ತಾ ಹೋಗಬೇಕು. 5ನೇ ತಾರೀಖಾದರೆ 5, 35, 65, 95, 125. ದಿನಕ್ಕೆ ಐದು, ತಿಂಗಳಿಗೆ ಎಲ್ಲವೂ ಆಯಿತು. "ಐದನ್ನೂ ಓದಲೇಬೇಕು ಅಂತೇನಿಲ್ಲಪ್ಪಾ. ಐದರ ಮೇಲೂ ಕಣ್ಣಾಡಿಸು. ಯಾವುದು ನಿನ್ನನ್ನು ಹಿಡಿದುಕೊಳ್ಳುತ್ತೋ ಅದನ್ನು ಬಾಯಿಬಿಟ್ಟು ಓದು. ತಪ್ಪಿದ ದಿನ ತಪ್ಪಿತು, ಬಾಕಿ ಇಟ್ಟುಕೊಳ್ಳಬೇಡ" ಅಂದರು. 31ನೇ ತಾರೀಖು ಬಂದರೆ 119ನೇದರಿಂದ ಒಂದು ಭಾಗ ಸಾಕು ಅಂದರು. ಅದರಲ್ಲಿ 22 ಭಾಗಗಳಿವೆ, ಒಂದೊಂದರಲ್ಲಿ 8 ವಚನ.

ಬಾಕಿ ಇಟ್ಟುಕೊಳ್ಳಬೇಡ ಅಂದರಲ್ಲ, ನನ್ನನ್ನು ಉಳಿಸಿದ್ದು ಆ ಮಾತು. ದೇವರ ಹತ್ತಿರ ಸಾಲಗಾರನ ಹಾಗೆ ಹೋಗುವುದು ತಪ್ಪಿತು.

ಬಾಯಿಬಿಟ್ಟು ಓದುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೊದಲನೇ ಕೀರ್ತನೆಯಲ್ಲೇ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನು ಧನ್ಯನು ಅನ್ನುವ ಮಾತು ಇದೆ. ಧ್ಯಾನ ಅಂದರೆ ಕಣ್ಣು ಮುಚ್ಚಿ ಸುಮ್ನೆ ಕೂರುವುದು ಅಂತ ನಾನು ತಿಳಿದಿದ್ದೆ. ಅಲ್ಲಿರುವ ಹೀಬ್ರೂ ಪದ 'ಹಾಗಾ'. ಗೊಣಗುವುದು, ಮೆಲುದನಿಯಲ್ಲಿ ನುಡಿಯುವುದು ಅಂತ ಅರ್ಥ. ಬೈಬಲ್ಲಿನದೇ ಆದ ಯೆಶಾಯನ ಗ್ರಂಥದಲ್ಲಿ ಬೇಟೆಯ ಮೇಲೆ ನಿಂತು ಗುರುಗುಟ್ಟುವ ಸಿಂಹಕ್ಕೂ, ನರಳುವ ಪಾರಿವಾಳಕ್ಕೂ ಇದೇ ಪದ ಬಂದಿದೆ. ಅಂದರೆ ಇದು ತುಟಿಯ ಕೆಲಸ, ಗಂಟಲಿನ ಕೆಲಸ.

ಕಣ್ಣಲ್ಲಿ ಓದಿದರೆ ನಾನು ವಚನದಿಂದ ವಚನಕ್ಕೆ ಜಾರಿಬಿಡುತ್ತೇನೆ. ಗೊತ್ತಿರುವ ಕೀರ್ತನೆಯಾದರೆ ಕೇಳುವುದೇ ಬೇಡ. "ಯೆಹೋವನು ನನಗೆ ಕುರುಬನು" ಅಂತ ಶುರುವಾದದ್ದು ಮುಗಿದದ್ದೇ ಗೊತ್ತಾಗುವುದಿಲ್ಲ. ದನಿ ತೆಗೆದು ಓದಿದಾಗ ಹಾಗಾಗುವುದಿಲ್ಲ. "ನಾನು" ಅಂತ ಬರೆದಿರುವ ಕಡೆ ನನ್ನದೇ ಗಂಟಲು "ನಾನು" ಅನ್ನುತ್ತದೆ. ಓದುತ್ತಾ ಓದುತ್ತಾ ಎಲ್ಲೋ ಒಂದು ಕಡೆ ದನಿ ತಡೆಯುತ್ತದೆ. ಅಲ್ಲೇ ನಿಲ್ಲುತ್ತೇನೆ. ಅದೇ ಸಾಲನ್ನು ಮತ್ತೆ ಓದುತ್ತೇನೆ. ಅಲ್ಲಿಂದ ನನ್ನ ಮಾತು ಹೊರಟರೆ ಹೊರಟಿತು. ಹೊರಡದಿದ್ದರೆ ಆ ಸಾಲೇ ಅವತ್ತಿನ ಪ್ರಾರ್ಥನೆ. ಒಂದು ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡು ಏಳುತ್ತೇನೆ. ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಯಾರಿಗೋಸ್ಕರ ಪ್ರಾರ್ಥಿಸಬೇಕೋ ಅವರ ಹೆಸರುಗಳಿವೆ. ಅಪ್ಪನದು ಎಲ್ಲಕ್ಕಿಂತ ಮೇಲೆ.

ಹೊತ್ತು, ಜಾಗದ ವಿಷಯ ಹೆಚ್ಚೇನಿಲ್ಲ. ಬೆಳಗ್ಗೆ, ಫೋನ್ ಮುಟ್ಟುವ ಮುಂಚೆ, ಹತ್ತು ಹದಿನೈದು ನಿಮಿಷ. ಅಪ್ಪ ಬಡಗಿ ಕೆಲಸ ಮಾಡುತ್ತಿದ್ದವರು. ಅವರು ನನಗೆ ಮಾಡಿಕೊಟ್ಟಿದ್ದ ಸ್ಟೂಲಿನ ಮೇಲೆ ಕೂತು ಓದುತ್ತಿದ್ದೆ.

ಇನ್ನು ಮಾಡಲು ಏನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂತ ಡಾಕ್ಟರು ಹೇಳಿದ್ದು ಒಂದು 28ನೇ ತಾರೀಖು. ಅಂದು ಬೆಳಗ್ಗೆ ಓದಲು ಆಗಿರಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ತೆಗೆದೆ. 28, 58, 88, 118, 148. ಕಣ್ಣು 88ರ ಮೇಲೆ ನಿಂತಿತು. ಅದುವರೆಗೆ ಅದನ್ನು ಗಮನಿಸಿ ಓದಿದ್ದೇ ಇಲ್ಲ ಅನಿಸುತ್ತದೆ. ಸಭೆಯಲ್ಲಿ ಯಾರೂ ಓದಿದ ನೆನಪೂ ಇಲ್ಲ.

ದುಃಖದ ಕೀರ್ತನೆಗಳು ಬೇಕಾದಷ್ಟಿವೆ. ಆದರೆ ಹೆಚ್ಚಿನವು ನಡುವೆ ಎಲ್ಲೋ ತಿರುಗುತ್ತವೆ. 13ನೇದನ್ನೇ ನೋಡಿ. ಇರುವುದೇ ಆರು ವಚನ. ಶುರುವಿನಲ್ಲೇ ಕೀರ್ತನೆಗಾರ "ಎಷ್ಟರವರೆಗೆ" ಅಂತ ದೇವರನ್ನು ನಾಲ್ಕು ಸಲ ಕೇಳುತ್ತಾನೆ. ಐದನೇ ವಚನಕ್ಕೆ ಬರುವಷ್ಟರಲ್ಲಿ, ಆದರೂ ನಾನು ನಿನ್ನ ಕೃಪೆಯನ್ನು ನಂಬಿದ್ದೇನೆ ಅನ್ನುತ್ತಾನೆ. 88ರಲ್ಲೂ ಆ "ಆದರೂ" ಬಂದೇ ಬರುತ್ತದೆ ಅಂತ ಓದುತ್ತಾ ಹೋದೆ. 9ನೇ ವಚನದಲ್ಲಿ ಇಲ್ಲ. 13ರಲ್ಲಿ ಬೆಳಗಾಗುವಾಗ ನನ್ನ ಪ್ರಾರ್ಥನೆ ನಿನ್ನ ಮುಂದೆ ಬರುತ್ತದೆ ಅನ್ನುತ್ತಾನೆ, ಇಲ್ಲೇ ತಿರುಗಬಹುದು ಅಂದುಕೊಂಡೆ. ಅದರ ಬೆನ್ನಿಗೇ ನನ್ನಿಂದ ಮುಖ ಯಾಕೆ ಮರೆಮಾಡಿಕೊಂಡಿದ್ದೀ ಅಂತ ಕೇಳುತ್ತಾನೆ. 18ನೇ ವಚನಕ್ಕೆ ಮುಗಿದೇಹೋಯಿತು. ಹೀಬ್ರೂವಿನಲ್ಲಿ ಅದರ ಕಟ್ಟಕಡೆಯ ಪದವೇ ಕತ್ತಲೆಯಂತೆ.

ತುಂಬಾ ಹೊತ್ತು ಹಾಗೇ ಕೂತಿದ್ದೆ. ಅಳು ಬಂತು. ಆದರೆ ಎದೆಯ ಮೇಲಿನ ಭಾರ ಏನೋ ಸ್ವಲ್ಪ ಸರಿದ ಹಾಗಾಯಿತು. ನನಗಿಂತ ಮುಂಚೆ ಯಾರೋ ಇಂಥದೇ ರಾತ್ರಿ ಕಳೆದಿದ್ದಾರೆ. ಅದನ್ನು ಇದ್ದದ್ದು ಇದ್ದ ಹಾಗೆ ದೇವರಿಗೇ ಹೇಳಿದ್ದಾರೆ. ಕೊನೆಗೊಂದು ಸಮಾಧಾನದ ಸಾಲು ಅಂಟಿಸಿಲ್ಲ. ದೇವಜನರೂ ಅದನ್ನು ಕಿತ್ತುಹಾಕದೆ ಪುಸ್ತಕದಲ್ಲಿ ಉಳಿಸಿಕೊಂಡಿದ್ದಾರೆ. ಇನ್ನೊಂದು ಸಲ ಓದಿದಾಗ ಮೊದಲನೇ ವಚನ ಕಣ್ಣಿಗೆ ಬಿತ್ತು. ಅಷ್ಟೆಲ್ಲ ಹೇಳಲು ಹೊರಟವನು ದೇವರನ್ನು ಕರೆಯುವುದು ನನ್ನನ್ನು ರಕ್ಷಿಸುವ ದೇವರೇ ಅಂತ. ಉತ್ತರ ಸಿಗದಿದ್ದರೂ ಕೇಳುವ ವಿಳಾಸ ಬದಲಾಯಿಸಿಲ್ಲ.

ಆ ವಾರವೇ ಪ್ರಾರ್ಥಿಸಲು ಮನೆಗೆ ಬಂದವರೊಬ್ಬರು, ಈ ಮನೆಯಲ್ಲಿ ನಂಬಿಕೆ ಇದ್ದಿದ್ದರೆ ಇವರು ಇಷ್ಟೊತ್ತಿಗೆ ಎದ್ದು ಕೂರುತ್ತಿದ್ದರು ಅಂದರು. ಅಪ್ಪನಿಗೆ ಕೇಳಿಸುವ ಹಾಗೆಯೇ ಅಂದರು. ಇದು ತಪ್ಪು ಅಂತ ನಾನು ಸ್ಪಷ್ಟವಾಗಿ ಹೇಳುತ್ತೇನೆ. ತನ್ನ ಶರೀರದ ಶೂಲ ಹೋಗಲಿ ಅಂತ ಅಪೊಸ್ತಲ ಪೌಲ ಮೂರು ಸಲ ಬೇಡಿಕೊಂಡ. ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೇ ಈ ಸಂಕಟದ ಪಾತ್ರೆ ನನ್ನಿಂದ ದಾಟಲಿ ಅಂತ ಕೇಳಿಕೊಂಡ. ದಾಟಲಿಲ್ಲ. ಇವರಲ್ಲಿ ನಂಬಿಕೆ ಕಡಿಮೆಯಿತ್ತೇ? ಕಾಯಿಲೆಯವರ ತಲೆಗೆ ಅಪರಾಧದ ಭಾರವನ್ನೂ ಕಟ್ಟಬೇಡಿ. ಬಂದರೆ ಸುಮ್ನೆ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಿ, ಸಾಕು.

ಆ ಸಿಟ್ಟು ಬಹಳ ದಿನ ಇತ್ತು. 58, 109, 137, ಶಾಪದ ಮಾತಿರುವ ಈ ಕೀರ್ತನೆಗಳನ್ನು ಅದುವರೆಗೆ ದಾಟಿಸಿಬಿಡುತ್ತಿದ್ದೆ. ಆಮೇಲೆ ಓದತೊಡಗಿದೆ. ಯಾರ ಹೆಸರನ್ನೂ ಅದರೊಳಗೆ ಸೇರಿಸುವುದಿಲ್ಲ. ಸಿಟ್ಟನ್ನು ದೇವರ ಕೈಗೆ ಕೊಟ್ಟು, ಮುಂದಿನದು ನಿನಗೆ ಬಿಟ್ಟದ್ದು ಅಂತ ಎದ್ದುಬಿಡುತ್ತೇನೆ.

ಬೇರೆಯವರ ಮಾತಿನಲ್ಲಿ ಪ್ರಾರ್ಥಿಸುವುದು ಸರಿಯಾ ಅಂತ ನನಗೂ ಅನುಮಾನವಿತ್ತು. ಮನಸ್ಸಿನಿಂದ ಹೊಸದಾಗಿ ಬಂದರೇ ಪ್ರಾರ್ಥನೆ ಅನ್ನುವುದನ್ನು ಕೇಳಿಕೊಂಡು ಬೆಳೆದವನು ನಾನು. ಆ ಅನುಮಾನ ಹೋದದ್ದು ಶಿಲುಬೆಯ ಹತ್ತಿರ. ಅಲ್ಲಿ ಯೇಸು ಕೂಗಿದ "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ" ಅನ್ನುವುದು 22ನೇ ಕೀರ್ತನೆಯ ಮೊದಲ ಸಾಲು. ಸುವಾರ್ತೆಯಲ್ಲಿ ಲೂಕನು ಬರೆದಿರುವ ಕೊನೆಯ ಮಾತು, ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ ಅನ್ನುವುದು, 31ನೇ ಕೀರ್ತನೆಯ 5ನೇ ವಚನ. ಉಸಿರು ನಿಲ್ಲುವ ಹೊತ್ತಿನಲ್ಲಿ ಯೇಸುವಿನ ಬಾಯಿಗೆ ಬಂದದ್ದು ಕಲಿತ ಕೀರ್ತನೆಗಳು. ಕರ್ತನಿಗೆ ಸಾಕಾದದ್ದು ನನಗೆ ಸಾಲದೇ?

ಮುಂದಿನ 11ನೇ ತಾರೀಖು ಮೊದಲ ಸಲ ಅಪ್ಪನ ಪಕ್ಕ ಕೂತು ಓದಿದೆ. ಬೇಕಂತಲೇ ಆ ದಿನವನ್ನು ಆರಿಸಿದ್ದಲ್ಲ. ತೆಗೆದು ನೋಡಿದರೆ 11, 41, 71, 101, 131. 41ರಲ್ಲಿ ರೋಗದ ಹಾಸಿಗೆಯ ಮೇಲಿರುವವನನ್ನು ಯೆಹೋವನು ಆದರಿಸುತ್ತಾನೆ ಅಂತಿದೆ. 71 ಮುದುಕನ ಪ್ರಾರ್ಥನೆ. ಮುಪ್ಪಿನಲ್ಲಿ ನನ್ನನ್ನು ತಳ್ಳಿಬಿಡಬೇಡ, ಬಲ ಕುಂದಿದಾಗ ಕೈಬಿಡಬೇಡ ಅನ್ನುತ್ತದೆ. ಅಪ್ಪ ಕಣ್ಣು ಮುಚ್ಚಿದ್ದರು. ನಿದ್ದೆ ಬಂದಿರಬೇಕು ಅಂದುಕೊಂಡೆ. 9ನೇ ವಚನ ಬಂದಾಗ ಹೊದಿಕೆಯ ಮೇಲಿದ್ದ ಅವರ ಬಲಗೈ ಅಲುಗಿತು. ಹೆಬ್ಬೆರಳಿನ ಉಗುರಿನ ಮೇಲೆ ಸುತ್ತಿಗೆಯ ಹಳೇ ಪೆಟ್ಟಿನ ಗೆರೆ ಇತ್ತು. ಆ ಬೆರಳು ಬಟ್ಟೆಯ ಅಂಚನ್ನು ಮರ ಸವರಿ ನೋಡುವ ಹಾಗೆ ಸವರುತ್ತಿತ್ತು. ಮುಗಿಸಿದ ಮೇಲೆ ಕಣ್ಣು ಬಿಡದೆಯೇ "ಅದನ್ನ ಇನ್ನೊಂದು ಸಲ ಓದು ಮಗಾ" ಅಂದರು. ಓದಿದೆ. ಆಮೇಲೆ 131. ಮೂರೇ ವಚನ. ಮೊಲೆ ಬಿಟ್ಟ ಕೂಸು ತಾಯಿಯ ಬಳಿ ಇರುವಂತೆ ನನ್ನ ಪ್ರಾಣ ಸಮಾಧಾನವಾಗಿದೆ ಅನ್ನುತ್ತದೆ. ಅದಕ್ಕೆ ಅಪ್ಪ ಏನೂ ಹೇಳಲಿಲ್ಲ. ಕೈ ಮಾತ್ರ ನಿಂತಿತ್ತು.

ಅಪ್ಪ ಹೋದದ್ದು 19ನೇ ತಾರೀಖು ಬೆಳಗಿನ ಜಾವ. ಅಂದು ನಾನು ಪುಸ್ತಕ ಮುಟ್ಟಲಿಲ್ಲ. ಮಣ್ಣು ಮಾಡಿ ಬಂದ ಸಂಜೆ, ನನಗೆ ಲೆಕ್ಕ ಹೇಳಿಕೊಟ್ಟ ಆ ಹಿರಿಯರು ತಾವೇ ಪುಸ್ತಕ ತೆಗೆದರು. 19, 49, 79, 109, 139. ಅವರು 139ನೇದನ್ನು ನಿಧಾನವಾಗಿ ಓದಿದರು. ಕತ್ತಲೆಯೂ ನಿನಗೆ ಕತ್ತಲೆಯಲ್ಲ, ರಾತ್ರಿಯೂ ಹಗಲಿನಂತೆ ಬೆಳಕಾಗಿದೆ ಅನ್ನುವ 12ನೇ ವಚನ ಬಂದಾಗ ನನಗೆ 88ರ ಆ ಕೊನೆಯ ಪದ ನೆನಪಾಯಿತು. ನನ್ನ ಬಾಯಿಯಿಂದ ಆಮೆನ್ ಬಂತು.

ನಾನು ಕೇಳಿದ್ದು ಸಿಗಲಿಲ್ಲ. ಅಪ್ಪ ಗುಣವಾಗಲಿಲ್ಲ. ಅದನ್ನು ಮುಚ್ಚಿಟ್ಟು ಪ್ರಾರ್ಥನೆಯ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ಯಾಕೆ ಹಾಗಾಯಿತು ಅಂತ ಈಗಲೂ ಕೇಳುತ್ತೇನೆ. ಆದರೆ ದೇವರನ್ನೇ ಕೇಳುತ್ತೇನೆ, ಬೇರೆಲ್ಲೂ ಹೋಗಿ ಕೇಳುವುದಿಲ್ಲ. ನನಗೆ ಇಷ್ಟು ದಿನದಲ್ಲಿ ಪ್ರಾರ್ಥನೆ ಅಂದರೆ ಅದೇ ಆಗಿದೆ.

30ನೇ ತಾರೀಖು ಬಂದಾಗ 90ನೇದನ್ನು ತಪ್ಪಿಸುವುದಿಲ್ಲ. ಅದು ಮೋಶೆಯ ಪ್ರಾರ್ಥನೆ. ನಮ್ಮ ಆಯುಸ್ಸು 70 ವರ್ಷ, ಬಲ ಹೆಚ್ಚಿದ್ದರೆ 80 ಅಂತ ಲೆಕ್ಕ ಹಾಕಿ, ನಮ್ಮ ದಿನಗಳನ್ನು ಎಣಿಸುವುದನ್ನು ಕಲಿಸು ಅನ್ನುತ್ತದೆ. ಇಷ್ಟು ಚಿಕ್ಕ ಬದುಕಿಗೆ ಏನು ಅರ್ಥ ಅಂತ ಮೊದಲೆಲ್ಲ ಅಲ್ಲಿಗೇ ನಿಂತುಬಿಡುತ್ತಿದ್ದೆ. ಈಗ ಕೊನೆಯ ವಚನ ನನ್ನನ್ನು ಹಿಡಿದುಕೊಳ್ಳುತ್ತದೆ. ನಮ್ಮ ಕೈಗಳ ಕೆಲಸವನ್ನು ಸ್ಥಿರಪಡಿಸು ಅಂತ ಅಲ್ಲಿ ಎರಡು ಸಲ ಇದೆ. ಅಪ್ಪನ ಸ್ಟೂಲಿನ ಮೇಲೆ ಕೂತೇ ಅದನ್ನು ಓದುತ್ತೇನೆ. ಅದರ ಒಂದು ಕಾಲೂ ಇನ್ನೂ ಅಲುಗಾಡಿಲ್ಲ.

ನನ್ನ ಸ್ವಂತ ಮಾತುಗಳು ಆಮೇಲೆ ವಾಪಸ್ ಬಂದವು. ಮುಂಚಿನಷ್ಟು ಇಲ್ಲ, ಅಷ್ಟು ಬೇಕಾಗಿಯೂ ಇಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅಪ್ಪನ ಹೆಸರು ಹೊಡೆದುಹಾಕಲು ಕೈ ಬರಲಿಲ್ಲ. ಅದರ ಮುಂದೆ "ಸ್ತೋತ್ರ" ಅಂತ ಒಂದು ಪದ ಬರೆದೆ. ಅದರ ಕೆಳಗೆ ಹೊಸ ಹೆಸರುಗಳು ಸೇರುತ್ತಾ ಇವೆ.

ನಾಳೆ 11ನೇ ತಾರೀಖು. 71ನೇದನ್ನು ಎರಡು ಸಲ ಓದುತ್ತೇನೆ.