12 ಕೆಂಪು, 23 ನೀಲಿ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಮಗುವನ್ನೆತ್ತಿಕೊಂಡು ಲಿಫ್ಟ್ ಹತ್ತಿದರೆ ಎಲ್ಲರದೂ ಒಂದೇ ಪ್ರಶ್ನೆ: ‘ಕಿತೀ ಮಹಿನ್ಯಾಂಚಾ?’ ಎಷ್ಟು ತಿಂಗಳಿನವನು ಎಂದು. ನಾಲ್ಕನೆಯ ಮಹಡಿ ಬರುವುದರೊಳಗೆ ಉತ್ತರ ಮುಗಿಸುವುದು ನನ್ನಿಂದಾಗುತ್ತಿರಲಿಲ್ಲ. ವೈದ್ಯರು ಹೆರಿಗೆಗೆ ಕೊಟ್ಟಿದ್ದ ದಿನ ಮಾರ್ಚ್ 23. ಅವನು ಹುಟ್ಟಿದ್ದು ಜನವರಿ 12ಕ್ಕೆ, 30 ವಾರ ತುಂಬಿದ ದಿನ, 1250 ಗ್ರಾಂ ತೂಕದಲ್ಲಿ.

ಅಡುಗೆಮನೆ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ 12ಕ್ಕೆ ಕೆಂಪು ಸುತ್ತು, 23ಕ್ಕೆ ನೀಲಿ ಸುತ್ತು ಹಾಕಿದೆ. ಕೆಂಪು ಹುಟ್ಟಿದ ಲೆಕ್ಕ, ನೀಲಿ ಸರಿಪಡಿಸಿದ ವಯಸ್ಸಿನದು. ತುಂಬು ಬಸಿರಿನ 40 ವಾರದಲ್ಲಿ 30 ಹೋದರೆ ಉಳಿಯುವ ಹತ್ತು ವಾರವನ್ನು ಅವನ ವಯಸ್ಸಿನಿಂದ ಕಳೆಯಬೇಕು, ಅಷ್ಟೇ. ಯಾವುದಕ್ಕೆ ಕಳೆಯಬೇಕು, ಯಾವುದಕ್ಕೆ ಕಳೆಯಬಾರದು ಎಂಬುದು ತಲೆಗೆ ಹತ್ತಲು ಮಾತ್ರ ನನಗೆ ತಿಂಗಳುಗಳೇ ಬೇಕಾದವು.

ಲಸಿಕೆ ಕೆಂಪು. ಆರು ವಾರದ ಲಸಿಕೆಯ ದಿನ ಫೆಬ್ರವರಿ 23ಕ್ಕೇ ಬಂತು. ‘ಹುಟ್ಟಬೇಕಾದ ದಿನಕ್ಕೇ ಇನ್ನೂ ನಾಲ್ಕು ವಾರವಿದೆ, ಈಗಲೇ ಸೂಜಿಯೇ?’ ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸೋಂಕಿನ ಅಪಾಯ ಇಂಥ ಮಕ್ಕಳಿಗೇ ಹೆಚ್ಚು, ಹಾಗಾಗಿ ಕಾಯುವುದಿಲ್ಲ. ಕಣ್ಣಿನ ಒಳಪರದೆಯ, ಅಂದರೆ ರೆಟಿನಾದ, ಪರೀಕ್ಷೆಯೂ ಕೆಂಪೇ. ಹುಟ್ಟಿದ 30 ದಿನದೊಳಗೆ ಮೊದಲ ಬಾರಿ ಆಗಲೇಬೇಕು. ಅಲ್ಲಿಯ ರಕ್ತನಾಳಗಳು ಇನ್ನೂ ಬೆಳೆಯುತ್ತಿರುತ್ತವೆ, ಅವು ದಾರಿ ತಪ್ಪಿದ್ದು ತಡವಾಗಿ ಗೊತ್ತಾದರೆ ದೃಷ್ಟಿಯೇ ಹೋದೀತು.

ನಗು, ಕತ್ತು ನಿಲ್ಲುವುದು, ಬೋರಲಾಗುವುದು, ಕೂರುವುದು, ಇವೆಲ್ಲ ನೀಲಿ. ಏಪ್ರಿಲ್ 12ಕ್ಕೆ ಮೂರು ತಿಂಗಳು ತುಂಬಿದರೂ ಅವನು ನಗಲಿಲ್ಲ. ಅದೇ ವಾರ ಹುಟ್ಟಿದ್ದ ಎದುರುಮನೆಯ ಮಗು ಕೇಕೆ ಹಾಕುತ್ತಿತ್ತು. ನೀಲಿಯ ಪ್ರಕಾರ ನನ್ನವನಿಗೆ ಇನ್ನೂ ಮೂರು ವಾರ ಕೂಡ ಆಗಿರಲಿಲ್ಲ, ಅದು ಗೊತ್ತಿದ್ದೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮೇ ಎರಡನೆಯ ವಾರದ ಒಂದು ಬೆಳಿಗ್ಗೆ ಲಂಗೋಟಿ ಬದಲಿಸುತ್ತಿದ್ದೆ. ನನ್ನ ಹಣೆಯ ಬೊಟ್ಟನ್ನೇ ನೋಡುತ್ತಿದ್ದ ಕಣ್ಣು ಮೆಲ್ಲನೆ ಕೆಳಗಿಳಿದು ನನ್ನ ಕಣ್ಣಿಗೆ ಬಂದು ನಿಂತಿತು. ಮೊದಲು ಗಲ್ಲ ನಡುಗಿತು, ಆಮೇಲೆ ಬಾಯಿ ಅಗಲವಾಯಿತು. ನೀಲಿ ಲೆಕ್ಕಕ್ಕೆ ಏಳು ವಾರ, ಸರಿಯಾದ ಹೊತ್ತಿಗೇ.

ಅಲ್ಲಿಂದ ನನಗೆ ನೀಲಿಯ ಮೇಲೆ ಅತಿಯಾದ ನಂಬಿಕೆ ಹುಟ್ಟಿತು. ಆಗಸ್ಟ್‌ನಲ್ಲಿ ಅವನ ಕಂಕುಳಿಗೆ ಕೈಕೊಟ್ಟು ನಿಲ್ಲಿಸಿದರೆ ಎರಡೂ ಕಾಲನ್ನು ಕೋಲಿನಂತೆ ಸೆಟೆದು ತುದಿಗಾಲಲ್ಲಿ ನಿಲ್ಲುತ್ತಿದ್ದ. ನೀಲಿಯಲ್ಲಿ ಐದೇ ತಿಂಗಳು! ಬಂದವರೆಲ್ಲ ‘ಆಗಲೇ ನಿಲ್ಲುತ್ತಾನಲ್ಲ’ ಎಂದು ಹೊಗಳಿದರು, ನಾನೂ ಬೀಗಿದೆ. ಫಿಸಿಯೋಥೆರಪಿಸ್ಟ್ ಬೀಗಲಿಲ್ಲ. ಅವರು ಪಾದವನ್ನು ಅಂಗೈಯಲ್ಲಿ ಹಿಡಿದು ನಿಧಾನವಾಗಿ ಮೇಲಕ್ಕೆ ಮಡಿಸಿ, ‘ಇದು ಬಲವಲ್ಲ, ಬಿಗಿತ. ಬಿಗಿತಕ್ಕೆ ವಾರ ಕಳೆಯುವ ಲೆಕ್ಕ ಹಚ್ಚಬೇಡಿ’ ಎಂದರು. ಒಂದೇ ಕೈ ಬಳಸುವುದು, ಬಂದ ವಿದ್ಯೆ ಮರೆತುಹೋಗುವುದು, ಇವಕ್ಕೂ ಹಾಗೆಯೇ. ಯಾವ ವಯಸ್ಸಿನಲ್ಲಿ ಕಂಡರೂ ಅಂದೇ ತೋರಿಸಬೇಕು. ತಡವಾದದ್ದು ಬೇರೆ, ತಪ್ಪಾದದ್ದು ಬೇರೆ ಎಂದು ನನಗೆ ಅವತ್ತು ತಿಳಿಯಿತು.

ನಿಲ್ಲಿಸುವ ಆಟ ಬಂದ್ ಆಯಿತು. ಮಾವ ತಂದಿದ್ದ ವಾಕರ್ ಅಟ್ಟ ಸೇರಿತು (ಅವರು ಎರಡು ದಿನ ನನ್ನೊಡನೆ ಮಾತು ಬಿಟ್ಟರು). ಎಚ್ಚರವಿದ್ದಾಗ ಚಾಪೆಯ ಮೇಲೆ ಬೋರಲು ಹಾಕಿ ಎದುರಿಗೆ ಸ್ಟೀಲ್ ಲೋಟ ಇಡುತ್ತಿದ್ದೆ. ತನ್ನ ಮುಖ ಕಾಣಲೆಂದು ತಲೆ ಎತ್ತುತ್ತಿದ್ದ. ಎತ್ತಿಕೊಳ್ಳುವಾಗ ಕಾಲು ಅಗಲಿಸಿ ಸೊಂಟದ ಮೇಲೆ ಕೂರಿಸಿಕೊಳ್ಳಬೇಕೆಂದು ಫಿಸಿಯೋಥೆರಪಿಸ್ಟ್ ಹೇಳಿದ್ದರು. ಅದಕ್ಕೆ ಅತ್ತೆ, ‘ಇದನ್ನು ಹೇಳಲು ಅವರಿಗೆ ದುಡ್ಡು ಬೇರೆ ಕೊಟ್ಟೆಯಾ?’ ಎಂದರು.

ನವೆಂಬರ್ ಕೊನೆಗೆ, ನೀಲಿಯ ಎಂಟು ತಿಂಗಳಿಗೆ, ಆಸರೆಯಿಲ್ಲದೆ ಕೂತ. ಮರುವರ್ಷದ ಜೂನ್ ಕೊನೆಯಲ್ಲಿ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಪೂರ್ತಿ ಅಂಗಾಲೂರಿ ಫ್ರಿಜ್‌ನಿಂದ ಬಾಗಿಲವರೆಗೆ ನಡೆದ.

ಎರಡು ವರ್ಷದ ನಂತರ ಕಳೆಯಬೇಕಾಗಿಲ್ಲ ಎಂದು ಮಕ್ಕಳ ವೈದ್ಯರು ಹೇಳಿದರು. ಹೊಸ ಕಾಲನಿರ್ಣಯದಲ್ಲಿ ಮಾರ್ಚ್ ಆದಮೇಲೆ ನೀಲಿ ಸುತ್ತು ಹಾಕಿಲ್ಲ. ಆದರೆ ಆ 23ರ ಬೆಳಿಗ್ಗೆ ಅತ್ತೆ ಶಾವಿಗೆ ಪಾಯಸಕ್ಕೆ ಹಾಲು ಕಾಯಿಸುತ್ತಿದ್ದರು. ಜನವರಿಯಲ್ಲೇ ಮಾಡಿದ್ದೆವಲ್ಲ ಎಂದೆ. ‘ಅದು ಅವನು ಬಂದ ದಿನದ್ದು, ಇದು ನಾವು ಕರೆದ ದಿನದ್ದು’ ಎಂದು ದ್ರಾಕ್ಷಿ ಹುರಿಯತೊಡಗಿದರು.