ಮುಖದ ಇಸುಬು: ಬೆಣ್ಣೆದೋಸೆ ಬಿಟ್ಟೆ, ಹೋಗಲಿಲ್ಲ

ದಾವಣಗೆರೆಯಲ್ಲಿ ಸಣ್ಣದೊಂದು ಪ್ರಕೃತಿ ಚಿಕಿತ್ಸೆ ಕ್ಲಿನಿಕ್ ನಡೆಸುತ್ತೇನೆ. ಊರವರ ಇಸುಬಿಗೆಲ್ಲ ಪಥ್ಯ ಹೇಳುವ ನನಗೇ ಹೋದ ವರ್ಷ ಕಣ್ಣಿನ ರೆಪ್ಪೆ, ಕೆನ್ನೆ ಮೇಲೆ ಇಸುಬು ಎದ್ದಿತು. ಮೊದಲು ಕೆಂಪು, ಆಮೇಲೆ ಹೊಟ್ಟು. ನಿದ್ದೆಯಲ್ಲಿ ಉಜ್ಜಿಕೊಂಡು ಬೆಳಗ್ಗೆ ಕಣ್ಣು ಊದಿರುತ್ತಿತ್ತು.

ಚರ್ಮಕ್ಕೆ ಏನೇ ಆದರೂ ನಾವು ಮೊದಲು ಅನುಮಾನ ಪಡುವುದು ಊಟದ ತಟ್ಟೆಯನ್ನೇ ಅಲ್ವಾ? "ಬದನೆಕಾಯಿ ನಂಜು ಕಣವ್ವ, ಬಿಟ್ಬಿಡು" ಅಂದರು ಅತ್ತೆ. ನಾನು ಬದನೆಕಾಯಿ, ಶೇಂಗಾ ಚಟ್ನಿ, ಹಾಲು, ಕೊನೆಗೆ ಬೆಣ್ಣೆದೋಸೆಯನ್ನೂ ಬಿಟ್ಟೆ. ಈ ಊರಲ್ಲಿದ್ದುಕೊಂಡು ಆರು ವಾರ ಬೆಣ್ಣೆದೋಸೆ ಬಿಡುವುದು ಸುಮ್ನೆ ಮಾತಲ್ಲ. ತೂಕ ಇಳಿಯಿತು, ಇಸುಬು ಇಳಿಯಲಿಲ್ಲ. ಮಣ್ಣಿನ ಪ್ಯಾಕ್ ಹಾಕಿಕೊಂಡೆ, ಅದು ಒಣಗಿದ ಹಾಗೆ ಚರ್ಮ ಬಿಗಿದು ಬಿರಿಯಿತು. ಬೇರೆಯವರು ಹೀಗೆ ಮಾಡಿದ್ದರೆ ನಾನೇ ಬೈಯುತ್ತಿದ್ದೆ. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದ ಎರಡೇ ದಿನಕ್ಕೆ ಮುಖ ನುಣುಪಾಯಿತು, ನಿಲ್ಲಿಸಿದ ಕೂಡಲೇ ಇನ್ನೂ ಜಾಸ್ತಿಯಾಗಿ ಬಂತು. ಟ್ಯೂಬಿನಲ್ಲಿದ್ದದ್ದು ಸ್ಟೀರಾಯ್ಡ್. ರೆಪ್ಪೆಯ ಚರ್ಮ ತೀರಾ ತೆಳು, ಅಲ್ಲಿ ಅದನ್ನು ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ಹಚ್ಚಿದರೆ ಕಣ್ಣಿಗೂ ತೊಂದರೆ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ತಿಂದದ್ದರ ಜೊತೆಗೆ ಮುಖಕ್ಕೆ ಏನೇನು ತಾಗಿತು, ಕೈಯಲ್ಲಿ ಏನು ಮುಟ್ಟಿದೆ, ಎಲ್ಲವನ್ನೂ ಬರೆದೆ. ಮೂರನೇ ವಾರ ತಿರುವಿ ನೋಡಿದರೆ ಭಾನುವಾರ ತುರಿಕೆ ಕಡಿಮೆ, ಚಿತ್ರದುರ್ಗದ ಅಕ್ಕನ ಮನೆಯಲ್ಲಿ ಐದು ದಿನ ಮುಖ ತಣ್ಣಗಿತ್ತು, ಅದೂ ಅಲ್ಲಿ ಹೊಟ್ಟೆತುಂಬಾ ಎಣ್ಣೆಗಾಯಿ ತಿಂದಿದ್ದೆ! ಕ್ಲಿನಿಕ್ ತೆಗೆದ ಮಾರನೇ ದಿನ ಮತ್ತೆ ಕೆಂಪು.

ಮಸಾಜ್ ಎಣ್ಣೆಗೆ ನಾಲ್ಕು ಹನಿ ಟೀ ಟ್ರೀ ಎಣ್ಣೆ (ಒಂದು ಮರದ ಎಲೆಯಿಂದ ತೆಗೆಯುವ ಘಾಟು ವಾಸನೆಯ ಎಣ್ಣೆ) ಬೆರೆಸುವುದು ನನ್ನ ಅಭ್ಯಾಸ. ಆ ಕಂದು ಬಾಟಲಿ ಕಿಟಕಿ ಪಕ್ಕ, ಬಿಸಿಲಲ್ಲಿ, ಮುಚ್ಚಳ ಸಡಿಲವಾಗಿ ಎರಡು ವರ್ಷದಿಂದ ಕೂತಿತ್ತು. ಈ ಎಣ್ಣೆ ಗಾಳಿ, ಬೆಳಕಿಗೆ ಹಳಸಿದರೆ ಅಲರ್ಜಿ ಮಾಡುವ ಗುಣ ಹೆಚ್ಚುತ್ತದೆ. ಅಂಗೈ ಚರ್ಮ ದಪ್ಪ, ಅದಕ್ಕೆ ಏನೂ ಆಗಿರಲಿಲ್ಲ. ಅದೇ ಕೈಯಲ್ಲಿ ದಿನಕ್ಕೆ ಎಷ್ಟು ಸಲ ಕಣ್ಣು ಒರೆಸಿಕೊಳ್ಳುತ್ತಿದ್ದೆನೋ.

ಖಾತ್ರಿಗೆ ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿದೆ. ಅನುಮಾನದ ವಸ್ತುಗಳನ್ನು ಚೂರುಚೂರು ಹಾಕಿ ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆ ಬಿಟ್ಟು ತೆಗೆಯುತ್ತಾರೆ, ನಾಲ್ಕನೇ ದಿನ ಇನ್ನೊಮ್ಮೆ ನೋಡುತ್ತಾರೆ. ಅಷ್ಟೂ ದಿನ ಬೆನ್ನಿಗೆ ನೀರು ತಾಗಿಸುವ ಹಾಗಿಲ್ಲ, ಅದೂ ನಮ್ಮ ಏಪ್ರಿಲ್ ಸೆಕೆಯಲ್ಲಿ! ಟೀ ಟ್ರೀ ಹಾಕಿದ ಜಾಗ ಕೆಂಪಾಗಿ ಸಣ್ಣ ಗುಳ್ಳೆ ಎದ್ದಿತ್ತು.

ಬಾಟಲಿ ಬಿಸಾಕಿದೆ. ಡಾಕ್ಟರು ಕೊಟ್ಟ ಮುಲಾಮನ್ನು ಹೇಳಿದಷ್ಟು ದಿನ ಹಚ್ಚಿದೆ. ತಣ್ಣೀರಿನ ಬಟ್ಟೆ ಹತ್ತು ನಿಮಿಷ, ತೇವ ಆರುವ ಮೊದಲೇ ವ್ಯಾಸಲಿನ್. ಮುಖ ಪೂರ್ತಿ ತಿಳಿಯಾಗಲು ತಿಂಗಳ ಮೇಲಾಯಿತು.

ಈಗ ಯಾರೇ ಬಂದರೂ ಊಟದ ವಿಷಯ ಆಮೇಲೆ. ಹೇರ್ ಡೈ, ಬಿಂದಿಯ ಅಂಟು, ಸೆಂಟು ಮೊದಲು ಕೇಳುತ್ತೇನೆ. ಮೊನ್ನೆ ಹರಿಹರದಿಂದ ಬಂದವರೊಬ್ಬರು ತಾವು ಬಿಟ್ಟ ತಿಂಡಿಗಳ ದೊಡ್ಡ ಪಟ್ಟಿಯನ್ನೇ ಮುಂದೆ ಹಿಡಿದರು. ರೆಪ್ಪೆ ತುಂಬ ಇಸುಬು, ಪಟ್ಟಿ ಹಿಡಿದ ಬೆರಳುಗಳಿಗೆ ಹೊಳೆಯುವ ನೇಲ್ ಪಾಲಿಶ್. ಅವರ ಬೆನ್ನಿನ ಪಟ್ಟಿ ಸೋಮವಾರ ತೆಗೆಯುತ್ತಾರಂತೆ.